ಹೊಗೆ ಎದೆಗೆ, ಕ್ಯಾನ್ಸರ್ ಕಿಡ್ನಿಗೆ?

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ: “ಅಪ್ಪನಿಗೆ ಕಿಡ್ನಿ ಕ್ಯಾನ್ಸರ್. 40 ವರ್ಷ ಸಿಗರೇಟು ಸೇದಿದವರು. ಅದೂ ಕಾರಣ ಇರಬಹುದು ಅಂದರು ಡಾಕ್ಟರು. ‘ಹೊಗೆ ಹೋಗೋದು ಎದೆಗೆ, ಕಿಡ್ನಿಗಾ?’ ಅಂತ ಅಪ್ಪ ನಗುತ್ತಾರೆ. ಸೇದುವ ತಮ್ಮನಿಗೂ ಇದೇ ನೆಪವಾಗಿದೆ. ಯಾರು ಸರಿ?”

ಡಾಕ್ಟರೇ ಸರಿ. ಆದರೆ ನಿಮ್ಮ ತಂದೆಯವರ ಪ್ರಶ್ನೆ ದಡ್ಡ ಪ್ರಶ್ನೆಯೇನಲ್ಲ.

ಹೊಗೆ ಎದೆಯಲ್ಲೇ ನಿಲ್ಲುವುದಿಲ್ಲ. ಅದರಲ್ಲಿರುವ ರಾಸಾಯನಿಕಗಳು ಶ್ವಾಸಕೋಶದಿಂದ ರಕ್ತಕ್ಕೆ ಇಳಿಯುತ್ತವೆ. ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ತಳ್ಳಿದರೆ, ಅದರಲ್ಲಿ ಒಂದು ಲೀಟರ್ ಕಿಡ್ನಿಗಳಿಗೇ ಹೋಗುತ್ತದೆ. ಎರಡೂ ಸೇರಿ ತೂಗಿದರೆ ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಷ್ಟು ಚಿಕ್ಕ ಅಂಗಕ್ಕೆ ಅಷ್ಟು ರಕ್ತ!

ನಿಜವಾದ ತಮಾಷೆ ಮುಂದಿದೆ. ಹೊಗೆಯಲ್ಲಿ ಬೆಂಜೊಪೈರಿನ್ ಎಂಬ ವಸ್ತುವಿದೆ. ಸೌದೆ ಒಲೆಯ ಮಸಿಯಲ್ಲೂ ಇರುತ್ತದೆ. ಅದು ಜಿಡ್ಡಿನಂಥದ್ದು, ನೀರಿನಲ್ಲಿ ಕರಗುವುದಿಲ್ಲ. ಕರಗದಿದ್ದರೆ ಮೂತ್ರದಲ್ಲಿ ಹೊರಗೆ ಹಾಕುವುದು ಹೇಗೆ? ಅದಕ್ಕೇ ದೇಹದ ಕಿಣ್ವಗಳು ಅದಕ್ಕೆ ಆಮ್ಲಜನಕ ಸೇರಿಸಿ ಕರಗುವಂತೆ ಮಾಡಲು ಹೊರಡುತ್ತವೆ. ಈ ಕೆಲಸದ ನಡುವೆ ಹುಟ್ಟುವ ಒಂದು ರೂಪ ಮೂಲ ವಸ್ತುವಿಗಿಂತ ಕೆಟ್ಟದ್ದು. ಅದು ಜೀವಕೋಶದ ಕೈಪಿಡಿಯಾದ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ‘ಜಿ’ ಎಂಬುದಕ್ಕೆ ಅಂಟಿಕೊಂಡುಬಿಡುತ್ತದೆ. ಗುಡಿಸಲು ಹೋಗಿ ಮನೆಯೆಲ್ಲ ಧೂಳು ಮಾಡಿಕೊಂಡ ಹಾಗೆ.

ಜೀವಕೋಶ ಸುಮ್ನೆ ಕೂರುವುದಿಲ್ಲ. ಅಂಟು ಹತ್ತಿದ ಜಾಗದ ಸುತ್ತ ಸುಮಾರು 30 ಅಕ್ಷರಗಳನ್ನು ಕತ್ತರಿಸಿ ತೆಗೆದು, ಹೊಸದಾಗಿ ಬರೆಯುತ್ತದೆ. ಈ ರಿಪೇರಿಯ ಗುಟ್ಟು ಬಿಡಿಸಿದ ಅಜೀಜ್ ಸಂಜಾರ್ 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಆದರೆ ದಿನಾ ಹೊಗೆ ಬರುತ್ತಿದ್ದರೆ ಕೆಲವು ಕಲೆಗಳು ಕಣ್ತಪ್ಪುತ್ತವೆ. ಅಷ್ಟರಲ್ಲಿ ಕೋಶ ಎರಡಾದರೆ ‘ಜಿ’ ಇದ್ದಲ್ಲಿ ‘ಟಿ’ ಕೂರುತ್ತದೆ. ಆ ತಪ್ಪು ಇನ್ನು ಕಾಯಂ. ಇಂಥ ತಪ್ಪುಗಳು ಆಯಕಟ್ಟಿನ ಜಾಗದಲ್ಲಿ ಕೂಡಿಕೊಂಡರೆ ಕೋಶ ಅಂಕೆ ಮೀರಿ ಬೆಳೆಯುತ್ತದೆ; ಅದೇ ಕ್ಯಾನ್ಸರ್.

2016ರಲ್ಲಿ ವಿಜ್ಞಾನಿಗಳು ಈ ತಪ್ಪುಗಳನ್ನು ಲೆಕ್ಕ ಹಾಕಿದರು. ದಿನಕ್ಕೊಂದು ಪ್ಯಾಕಿನಂತೆ ವರ್ಷವಿಡೀ ಸೇದಿದರೆ ಶ್ವಾಸಕೋಶದ ಒಂದೊಂದು ಕೋಶದಲ್ಲೂ ಸುಮಾರು 150, ಮೂತ್ರಕೋಶದಲ್ಲಿ 18, ಲಿವರ್‌ನಲ್ಲಿ 6. ಮೂತ್ರಕೋಶಕ್ಕೆ ಯಾರೂ ಹೊಗೆ ಎಳೆಯುವುದಿಲ್ಲ, ಅಲ್ವಾ? 2024ರಲ್ಲಿ 11 ದೇಶಗಳ 962 ಕಿಡ್ನಿ ಗಡ್ಡೆಗಳ ಡಿಎನ್‌ಎ ಓದಿದಾಗ, ಸೇದುವವರ ಗಡ್ಡೆಗಳಲ್ಲಿ ತಂಬಾಕಿನ ಗುರುತು ಸಿಕ್ಕಿತು. ಬೊಜ್ಜು, ಬಿಪಿ ಕೂಡ ಕಿಡ್ನಿ ಕ್ಯಾನ್ಸರಿಗೆ ಕಾರಣಗಳೇ. ಆದರೆ ಅವು ಡಿಎನ್‌ಎಯಲ್ಲಿ ಇಂಥ ಗುರುತು ಬಿಟ್ಟಿರಲಿಲ್ಲ.

ಒಂದು ಮಾತು ಹೇಳಲೇಬೇಕು. ಸೇದುವ ಗಂಡಸರಿಗೆ ಕಿಡ್ನಿ ಕ್ಯಾನ್ಸರಿನ ಅಪಾಯ ಸುಮಾರು ಒಂದೂವರೆ ಪಟ್ಟು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅದು 15ರಿಂದ 30 ಪಟ್ಟು. ಹಾಗಾಗಿ ನಿಮ್ಮ ತಂದೆಯ ಗಡ್ಡೆ ಸಿಗರೇಟಿನಿಂದಲೇ ಬಂತೆಂದು ಬೊಟ್ಟು ಮಾಡಲಾಗದು. ಸೇದದವರಿಗೂ ಬರುತ್ತದೆ. ಡಾಕ್ಟರು ‘ಇರಬಹುದು’ ಅಂದದ್ದು ಅದಕ್ಕೇ. ಮನೆಯಲ್ಲಿ ಅವರನ್ನು ದೂರುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಕಾಯಿಲೆಯೇ ಸಾಕಷ್ಟಿದೆ.

ತಮ್ಮನ ವಿಷಯ ಬೇರೆ. 2020ರಲ್ಲಿ ಶ್ವಾಸನಾಳದ ಕೋಶಗಳನ್ನು ಒಂದೊಂದಾಗಿ ನೋಡಿದ ಅಧ್ಯಯನವೊಂದು ಬಂತು. ಸೇದುವುದನ್ನು ಬಿಟ್ಟವರಲ್ಲಿ ಹಾನಿ ತಗುಲದಂಥ ಕೋಶಗಳು ಇನ್ನೂ ಸೇದುತ್ತಿದ್ದವರಿಗಿಂತ ನಾಲ್ಕು ಪಟ್ಟು ಜಾಸ್ತಿ ಇದ್ದವು. ಎಲ್ಲೋ ಅಡಗಿದ್ದ ಒಳ್ಳೆಯ ಕೋಶಗಳು ಬೆಳೆದು ಜಾಗ ತುಂಬಿದ್ದಿರಬೇಕು. ಕಿಡ್ನಿಯಲ್ಲೂ ಬಿಟ್ಟ ಮೇಲೆ ಅಪಾಯ ಇಳಿಯುತ್ತದೆ, ಆದರೆ ನಿಧಾನಕ್ಕೆ, ವರ್ಷಗಳ ಲೆಕ್ಕದಲ್ಲಿ. ಈಗ ಶುರು ಮಾಡಿದರೆ ಅವನಿಗೆ ಆ ವರ್ಷಗಳಿವೆ.

ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ನಂಬರ್ ಬರೆದಿಟ್ಟುಕೊಳ್ಳುವ ಕಷ್ಟವೂ ಇಲ್ಲ. ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುತ್ತದೆ. ತಮ್ಮನ ಜೇಬಿನಲ್ಲೇ ಇದೆ.

– ಸಂಪಾದಕ