ಬೆಟಗೇರಿಗೆ ಬರುವ ಮಿಷನರಿ ದಂಪತಿಗೆ ಓಣಿಯಲ್ಲೇ ಮನೆ ನೋಡಿ

ನೀವು ಕೇಳಿದ್ದು ಇಷ್ಟು. ಜರ್ಮನಿಯಿಂದ ಮಿಷನರಿ ದಂಪತಿ ಎರಡು ವರ್ಷಕ್ಕೆ ಗದಗ ಪಕ್ಕದ ಬೆಟಗೇರಿಗೆ ಬರುತ್ತಿದ್ದಾರೆ. ಗಂಡನಿಗೆ ಕ್ರೈಸ್ತ ಸಭೆಯಲ್ಲಿ ಕೆಲಸ ಇದೆ, ಹೆಂಡತಿಗೆ ಇನ್ನೂ ಏನೂ ಗೊತ್ತಾಗಿಲ್ಲ. ಮನೆ ನೋಡುವ ಜವಾಬ್ದಾರಿ ನಿಮ್ಮ ಮೇಲೆ ಬಿದ್ದಿದೆ. ಊರ ಹೊರಗೆ ಕಾಂಪೌಂಡ್ ಇರುವ ದೊಡ್ಡ ಮನೆ ನೋಡಬೇಕೋ, ಓಣಿಯಲ್ಲಿ ನೋಡಬೇಕೋ?

ಓಣಿಯಲ್ಲೇ ನೋಡಿ.

ನಾನು ಬೆಟಗೇರಿಯವಳು. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ, ಈಗ ನಿವೃತ್ತಿಯಾಗಿದೆ. ನಾನು ಕ್ರೈಸ್ತಳಲ್ಲ. 2013ರಲ್ಲಿ ಇಂಥದೇ ಒಂದು ಜೋಡಿಗೆ ಮನೆಗೆ ಹೋಗಿ ಕನ್ನಡ ಪಾಠ ಹೇಳಿಕೊಟ್ಟಿದ್ದೆ. ಅವರಿಗೆ ಸಿಕ್ಕಿದ್ದು ಊರ ಹೊರಗಿನ ದೊಡ್ಡ ಮನೆ. ಒಳ್ಳೆಯ ಮನಸ್ಸಿನಿಂದಲೇ ಕೊಡಿಸಿದ್ದರು. ಗಂಡ ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್. ದಿನವಿಡೀ ಜನರ ನಡುವೆ ಇರುವವರು, ಹಾಗಾಗಿ ಮಾತು ತಾನಾಗಿ ಬಂತು. ಆಕೆಗೆ ನನ್ನ ಒಂದು ತಾಸಿನ ಪಾಠ, ಆಮೇಲೆ ಗೇಟು ಹಾಕಿದ ಮನೆ.

ಓದು ಬರಹದಲ್ಲಿ ಆಕೆಯೇ ಮುಂದಿದ್ದರು. ಜರ್ಮನ್‌ನಲ್ಲೂ ಕೆಲವು ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಂತೆ, ಅದಕ್ಕೇ ನಮ್ಮ ವಾಕ್ಯ ಅವರಿಗೆ ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಳ ಮತ್ತು ಣ. ಹಳ್ಳಿಗೂ ಹಲ್ಲಿಗೂ ವ್ಯತ್ಯಾಸ ತೋರಿಸಲು ಎರಡು ವಾರ ಬೇಕಾಯಿತು. ಐದು ತಿಂಗಳಿಗೆ ಪೇಪರಿನ ಹೆಡ್ಡಿಂಗ್ ಓದುತ್ತಿದ್ದರು. ಒಂದು ದಿನ ಪಾಠದ ನೆವದಲ್ಲಿ ಕೇಳಿದೆ, "ನಿನ್ನೆ ಯಾರ ಯಾರ ಜೊತೆ ಮಾತಾಡಿದಿರಿ?" ಬೆರಳು ಮಡಚಿ ಎಣಿಸಿದರು. ಹಾಲಿನವನು, ನೀವು. ಮೂರನೆಯ ಬೆರಳು ಮಡಚಲಿಲ್ಲ. ಅಳುವುದಕ್ಕೆ ಶುರು ಮಾಡಿದರು. ಐದು ತಿಂಗಳು ಬರೀ ಅಕ್ಷರ ತಿದ್ದುತ್ತಾ ಕೂತಿದ್ದೆನಲ್ಲ, ಈ ಒಂದು ಪ್ರಶ್ನೆ ಮೊದಲೇ ಕೇಳಬಾರದಿತ್ತೇ ಅಂತ ಇವತ್ತಿಗೂ ಅನಿಸುತ್ತದೆ.

ಧೈರ್ಯ ಹೇಳೋಣ ಅಂತ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಕಿಟೆಲ್ ಮಾತು ತೆಗೆದೆ. ಸ್ವಿಟ್ಜರ್ಲೆಂಡಿನ ಆ ಮಿಷನ್ನಿನವರು 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ನಮ್ಮ ಬೆಟಗೇರಿಗೆ ಬಂದವರು. ಕಿಟೆಲ್ 1853ರಲ್ಲಿ ಧಾರವಾಡಕ್ಕೆ ಬಂದಾಗ 21ರ ಹುಡುಗ. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, ಸುಮಾರು 70,000 ಶಬ್ದ. ಇಷ್ಟು ಹೇಳಿದೆ. ಆಕೆ ಕೇಳಿದ್ದು ಒಂದೇ ಮಾತು: "ಅವರ ಹೆಂಡತಿ?"

ಆ ಕಾಲದಲ್ಲಿ ಮಿಷನ್ನಿನ ಹುಡುಗರು ಒಂಟಿಯಾಗಿ ಬರುತ್ತಿದ್ದರು. ಮದುವೆಗೆ ಬಾಸೆಲ್‌ನ ಸಮಿತಿಯ ಒಪ್ಪಿಗೆ ಬೇಕಿತ್ತು. ಹುಡುಗಿ ಆಮೇಲೆ ಹಡಗು ಹತ್ತಿ ಬರಬೇಕು. ಮದುವೆಯಾಗುವವನನ್ನು ಸರಿಯಾಗಿ ಕಂಡೇ ಇರದವರೂ ಇದ್ದರು. ಕಿಟೆಲ್ 1860ರಲ್ಲಿ ಪೌಲಿನ್ ಎಂಬಾಕೆಯನ್ನು ಮದುವೆಯಾದರು. 1864ರಲ್ಲಿ ಆಕೆ ತೀರಿಕೊಂಡರು. ಆಮೇಲೆ ಆಕೆಯ ಸಹೋದರಿಯನ್ನು ಮದುವೆಯಾದರು. ನಿಘಂಟಿನ ಬಗ್ಗೆ ಒಂದು ತಾಸು ಮಾತಾಡಬಲ್ಲ ನನಗೆ ಪೌಲಿನ್ ಬಗ್ಗೆ ಮೂರು ವಾಕ್ಯಕ್ಕಿಂತ ಜಾಸ್ತಿ ಹೇಳಲು ಬರಲಿಲ್ಲ. ಮರುದಿನದಿಂದಲೇ ಊರೊಳಗೆ ಮನೆ ಹುಡುಕಲು ಶುರು ಮಾಡಿದೆ.

ನೇಕಾರರ ಓಣಿಯಲ್ಲಿ ಮಹಡಿ ಮೇಲೆ ಎರಡು ಕೋಣೆ ಸಿಕ್ಕವು. ಬೆಳಗಿನಿಂದ ಮಗ್ಗದ ಸದ್ದು, ರೊಟ್ಟಿ ಬಡಿಯುವ ಸದ್ದು. ನಮ್ಮ ಕಡೆ ಆಗ ನಳಕ್ಕೆ ನೀರು ಬರುತ್ತಿದ್ದುದು ಹತ್ತು ಹನ್ನೆರಡು ದಿನಕ್ಕೊಮ್ಮೆ, ಅದೂ ಎಷ್ಟೋ ಸಲ ರಾತ್ರಿ. ಅವರು ಬಂದ ವಾರದಲ್ಲೇ ರಾತ್ರಿ ಎರಡು ಗಂಟೆಗೆ ಕೆಳಗಿನ ಮನೆಯವರು ಬಾಗಿಲು ಬಡಿದರು. "ಬಾಯಾರ, ನಳಾ ಬಂದಾವ್ರೀ, ಕೊಡ ತರ್ರೀ!" ಆಕೆ ಬಕೆಟ್ ಹಿಡಿದು ಇಳಿದು ಬಂದರು. ಬೆಳಗಿನವರೆಗೆ ಎಲ್ಲರ ಜೊತೆ ನೀರು ಹೊತ್ತರು. ತಮ್ಮದು ತುಂಬಿದ ಮೇಲೆ ಪಕ್ಕದ ಮನೆಯ ಅಜ್ಜಿಯ ಬ್ಯಾರಲ್ಲನ್ನೂ ತುಂಬಿಸಿದರು. ಹಿಡೀರಿ, ಸರೀರಿ, ಸಾಕ್ರೀ, ನಿಮ್ಮ ಪಾಳಿ ಬಂತು ನೋಡ್ರೀ. ಇವು ನನ್ನ ಪಾಠದಲ್ಲಿ ಇರಲೇ ಇಲ್ಲ. ಎರಡನೆಯ ನಳದ ಹೊತ್ತಿಗೆ ಓಣಿಯವರ ಬಾಯಲ್ಲಿ ಆಕೆ ಬಾಯಾರ ಹೋಗಿ ಅಕ್ಕಾರ ಆಗಿದ್ದರು.

ಅದೇ ಅಜ್ಜಿ ಉಳಿದದ್ದನ್ನು ಕಲಿಸಿದರು. ಎದ್ದು ಹೊರಡುವಾಗ ಆಕೆ ಪುಸ್ತಕದಂತೆ "ನಾನು ಹೋಗುತ್ತೇನೆ" ಅಂದರೆ, "ಹೋಗ್ತೇನಿ ಅನಬಾರದವಾ, ಬರ್ತೇನಿ ಅನಬೇಕ" ಅಂತ ತಿದ್ದಿದರು. ಶೇಂಗಾ ಹಿಂಡಿ ಕೊಟ್ಟು ಕಳಿಸಿದ ಡಬ್ಬಿಯನ್ನು ತೊಳೆದು, ಧನ್ಯವಾದ ಹೇಳಿ ವಾಪಸ್ ಕೊಟ್ಟಾಗ ಅಜ್ಜಿಗೆ ಸಪ್ಪಗಾಯಿತು. ಖಾಲಿ ಡಬ್ಬಿ ಕೊಡಬಾರದು, ಒಂದು ಮುಷ್ಟಿ ಸಕ್ಕರೆಯಾದರೂ ಹಾಕಿ ಕೊಡಬೇಕು ಅಂತ ಹೇಳಿದ್ದು ನಾನು. ಇಂಥದ್ದನ್ನು ನೀವು ಮೊದಲೇ ಹೇಳಿಬಿಡಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಮಿಷನರಿ ಕೆಲಸಕ್ಕೆ ಬೇರೆ ವೀಸಾ ಇದೆ, ಪ್ರವಾಸಿ ವೀಸಾದಲ್ಲಿ ಬಂದು ಅದನ್ನು ಮಾಡುವಂತಿಲ್ಲ. ವಿದೇಶಿಯರನ್ನು ಇಟ್ಟುಕೊಳ್ಳುವ ಮನೆಯವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಮನೆ ಮಾಲೀಕರಿಗೆ ಇದು ಗೊತ್ತಿರುವುದಿಲ್ಲ, ಪಕ್ಕದಲ್ಲಿ ಕೂತು ನೀವೇ ತುಂಬಿಸಿ. 180 ದಿನಕ್ಕಿಂತ ಹೆಚ್ಚಿನ ವೀಸಾ ಆದರೆ ಬಂದ 14 ದಿನದೊಳಗೆ ಅವರ ನೋಂದಣಿಯೂ ಆಗಬೇಕು.

ಇನ್ನೊಂದು. ಓಣಿಯಲ್ಲಿ ಯಾರಾದರೂ "ನಮ್ಮ ಜಾತಿ ಕೆಡಸಾಕ ಬಂದೀರೇನ್ರೀ?" ಅಂತ ಕೇಳಿಯೇ ಕೇಳುತ್ತಾರೆ. ನಮ್ಮ ಓಣಿಯಲ್ಲೂ ಕೇಳಿದರು. ಆ ದಂಪತಿ ಮಾತು ತೇಲಿಸಲಿಲ್ಲ. ತಮ್ಮ ನಂಬಿಕೆ ಏನು, ಇಲ್ಲಿ ಏನು ಕೆಲಸ ಮಾಡುತ್ತೇವೆ, ಏನು ಮಾಡುವುದಿಲ್ಲ ಅಂತ ಅಲ್ಲೇ ಕಟ್ಟೆ ಮೇಲೆ ಕೂತು ಹೇಳಿದರು. ಕೇಳಿದವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಚಹಾಕ್ಕೆ ಕರೆಯುವುದನ್ನು ಬಿಡಲಿಲ್ಲ. ನೀವು ಅವರ ಪರವಾಗಿ ಉತ್ತರ ಕೊಡಲು ಹೋಗಬೇಡಿ.

ಮಾರ್ಚ್ ಒಳಗೆ ಬಂದರೆ ಒಳ್ಳೆಯದು, ಬಿಸಿಲಿಗೆ ಮೈ ಸ್ವಲ್ಪ ಒಗ್ಗುತ್ತದೆ. ಮಂಚ, ಫ್ರಿಜ್ ನಿಧಾನಕ್ಕೆ ಆಗಲಿ. ಬಂದ ದಿನವೇ ಪೇಟೆಗೆ ಕರೆದುಕೊಂಡು ಹೋಗಿ ಆಕೆಗೆ ನಾಲ್ಕು ಕೊಡ, ಒಂದು ಬ್ಯಾರಲ್ ಕೊಡಿಸಿ.