ಹೇಮಕುಂಡಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾನು ಎರಡು ಸಲ ಕುಮಾರಪರ್ವತ ಹತ್ತಿದ್ದೇನೆ. ಅಮ್ಮನಿಗೆ 61 ವರ್ಷ, ದಿನಾ ವಾಕಿಂಗ್ ಮಾಡುತ್ತಾರೆ. ಆಗಸ್ಟ್ ಕೊನೆಗೆ ಉತ್ತರಾಖಂಡದ ಹೇಮಕುಂಡ ಸರೋವರ ನೋಡುವ ಆಸೆ ಅವರಿಗೆ. ಗೋವಿಂದಘಾಟ್‌ನಿಂದ ಹೊರಟು ಎರಡೇ ದಿನದಲ್ಲಿ ಮುಗಿಸಬಹುದಾ?
– ಓದುಗರು, ಹಾಸನ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ಇನ್ನೂ ಎರಡು ದಿನ ರಜೆ ಕೇಳಿ.

ಕುಮಾರಪರ್ವತದ ತುದಿ 1,712 ಮೀಟರ್. ಇಲ್ಲಿ ನಡಿಗೆ ಶುರುವಾಗುವ ಜಾಗವೇ ಅದಕ್ಕಿಂತ ಎತ್ತರ. ರಾತ್ರಿ ಉಳಿಯುವ ಹಳ್ಳಿ ಘಾಂಘರಿಯಾ ಸುಮಾರು 3,000 ಮೀಟರ್. ಅಲ್ಲಿಂದ ಬರೀ ಆರು ಕಿಲೋಮೀಟರ್ ನಡೆದರೆ ಹೇಮಕುಂಡ, 4,300 ಮೀಟರಿಗೂ ಮೇಲೆ. ಒಂದೊಂದು ಉಸಿರಿಗೆ ಊರಲ್ಲಿ ಸಿಗುವಷ್ಟು ಆಮ್ಲಜನಕ ಅಲ್ಲಿ ಸಿಗುವುದಿಲ್ಲ. ಕಾಲಿನ ಶಕ್ತಿ ಬೇರೆ, ಎತ್ತರಕ್ಕೆ ಮೈ ಒಗ್ಗುವುದು ಬೇರೆ.

ನಾವು ಹೋದಾಗ ನನ್ನ ತಮ್ಮ ಎಲ್ಲರಿಗಿಂತ ಮುಂದೆ ಓಡಿದ. ಸರೋವರ ಇನ್ನೊಂದು ಕಿಲೋಮೀಟರ್ ಇರುವಾಗ ತಲೆನೋವು, ವಾಂತಿ. ತಕ್ಷಣ ಅವನನ್ನು ಇಳಿಸಿಕೊಂಡು ಬಂದೆವು. ಘಾಂಘರಿಯಾ ತಲುಪುವಷ್ಟರಲ್ಲಿ ಚೇತರಿಸಿಕೊಂಡ. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ ನಮ್ಮತ್ತೆಗೆ ಏನೂ ಆಗಲಿಲ್ಲ. ತಲೆನೋವಿನ ಜೊತೆ ವಾಂತಿ ಬಂದರೆ, ತಲೆ ಸುತ್ತಿದರೆ ಮೇಲೆ ಹೋಗಲೇಬೇಡಿ. ಸರೋವರ ಕಾಣುವಷ್ಟು ಹತ್ತಿರ ಇದ್ದರೂ ಸರಿ.

ಮೊದಲ ದಿನ ಪುಲ್ನಾವರೆಗೆ ಜೀಪ್, ಅಲ್ಲಿಂದ ನದಿ ಪಕ್ಕದ ದಾರಿಯಲ್ಲಿ ಹತ್ತು ಕಿಲೋಮೀಟರ್ ನಡೆದು ಘಾಂಘರಿಯಾ. ಮರುದಿನ ಪಕ್ಕದ ಹೂಗಳ ಕಣಿವೆಯಲ್ಲಿ (ವ್ಯಾಲಿ ಆಫ್ ಫ್ಲವರ್ಸ್) ನಿಧಾನವಾಗಿ ಅಡ್ಡಾಡಿ, ಮೈ ಎತ್ತರಕ್ಕೆ ಒಗ್ಗಲಿ. ಮೂರನೇ ದಿನ ಬೆಳಕು ಹರಿಯುವಾಗಲೇ ಹೇಮಕುಂಡಕ್ಕೆ ಹೊರಡಿ. ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ, ಮಧ್ಯಾಹ್ನ ಇಳಿಯಲೇಬೇಕು. ನಾಲ್ಕನೇ ದಿನ ವಾಪಸ್. ಮಂಡಿ ನೋವಿದ್ದರೆ ಕುದುರೆ ಸಿಗುತ್ತದೆ. ಆದರೆ ಕುದುರೆ ಉಳಿಸುವುದು ಕಾಲನ್ನು ಮಾತ್ರ, ನೆನಪಿರಲಿ. ಅಮ್ಮನಿಗೆ ಬಿಪಿ, ಹೃದಯದ ತೊಂದರೆ ಇದ್ದರೆ ಟಿಕೆಟ್ ತೆಗೆಯುವ ಮೊದಲೇ ಡಾಕ್ಟರನ್ನು ಕೇಳಿ.

ಹೇಮ ಅಂದರೆ ನಮಗೆ ಚಿನ್ನ, ಅಲ್ವಾ? ಅಲ್ಲಿ ಅದು ಹಿಮ. ಹಿಮನದಿ ಕೊರೆದ ಬಟ್ಟಲಿನಲ್ಲಿ ಕರಗಿದ ಹಿಮದ ನೀರು, ದಡದಲ್ಲಿ ಸಿಖ್ಖರ ಗುರುದ್ವಾರ, ಪಕ್ಕದಲ್ಲೇ ಲಕ್ಷ್ಮಣನ ಗುಡಿ. ಗುರುದ್ವಾರದ ದಾಸೋಹ, ಅಂದರೆ ಲಂಗರಿನಲ್ಲಿ ಬಿಸಿ ಕಿಚಡಿ, ಚಹಾ ಕೊಡುತ್ತಾರೆ. ಆಗಸ್ಟ್ ಕೊನೆಗೆ ಬಂಡೆಗಳ ನಡುವೆ ಬ್ರಹ್ಮಕಮಲ ಅರಳಿರುತ್ತದೆ. ದಯವಿಟ್ಟು ಕೀಳಬೇಡಿ.

ಒಣ ಕಾಲುಚೀಲ ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಆ ನೀರಿಗೆ ಕಾಲು ಇಳಿಸದೆ ಅಮ್ಮ ಹೊರಡುವುದಿಲ್ಲ.