ಚಿಕ್ಕ ವಯಸ್ಸಲ್ಲೇ ಟೆನ್ಶನ್‌ನಿಂದ ಹಾರ್ಟ್‌ಗೆ ತೊಂದರೆ ಆಗುತ್ತಾ?

ನಿಮಗೆ 26 ವರ್ಷ, ಇಸಿಜಿ, ಎಕೋ ಎರಡೂ ನಾರ್ಮಲ್. ಆದರೂ ರಾತ್ರಿ ಎದೆ ಡವಡವ ಅನ್ನುತ್ತೆ, ಯಾವುದರಲ್ಲೂ ಮನಸ್ಸಿಲ್ಲ. ಇದು ಮುಂದೆ ಹಾರ್ಟ್‌ಗೆ ಹೊಡೆಯುತ್ತಾ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಇಸಿಜಿ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಆದರೆ ಮಂಚದ ಮೇಲೆ ಮಲಗಿದವರು ಇದನ್ನೇ ಕೇಳುತ್ತಿರುತ್ತಾರೆ.

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದ ಮೇಲಂತೂ ಜೀನ್ಸ್ ಹೊಲಿಯುವ ಹುಡುಗರೂ ಬರತೊಡಗಿದರು. ಬೆರಳಿಗೆ ಇನ್ನೂ ನೀಲಿ ಬಣ್ಣ, ಅಂಗೈಯೆಲ್ಲ ಬೆವರು. ಕೈ ನಡುಗಿದರೆ ಕಾಗದದ ಮೇಲಿನ ಗೆರೆಯೂ ನಡುಗುತ್ತೆ. 'ಮೈ ಸಡಿಲ ಬಿಡಪ್ಪ' ಅಂತ ಹೇಳಿ ಮತ್ತೆ ತೆಗೆಯಬೇಕು. ರಿಪೋರ್ಟ್ ನಾರ್ಮಲ್ ಬಂದರೆ 'ಏನಿಲ್ಲ, ಟೆನ್ಶನ್ ಅಷ್ಟೇ' ಅಂತ ಕಳಿಸುತ್ತಾರೆ. ಆ ಟೆನ್ಶನ್‌ಗೆ ಏನು ಮಾಡಬೇಕು ಅಂತ ಹೇಳುವವರು ಕಡಿಮೆ. ಅದು ನನಗೆ ಸರಿ ಕಾಣುವುದಿಲ್ಲ.

2023ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 18ರಿಂದ 49 ವರ್ಷದ ಸುಮಾರು 5.9 ಲಕ್ಷ ಜನರ ಮಾಹಿತಿ ನೋಡಿದರು. ತಿಂಗಳಲ್ಲಿ 14 ದಿನವೋ ಜಾಸ್ತಿಯೋ ಮನಸ್ಸು ಸರಿ ಇರಲಿಲ್ಲ ಅಂದವರಲ್ಲಿ ಹೃದಯದ ಕಾಯಿಲೆ, ಸ್ಟ್ರೋಕ್ ಇರುವ ಸಾಧ್ಯತೆ ಸುಮಾರು ಎರಡು ಪಟ್ಟು. ಹೆದರಬೇಡಿ. ನಿಮ್ಮ ವಯಸ್ಸಿಗೆ ರಿಸ್ಕೇ ಕಡಿಮೆ, ಎರಡು ಪಟ್ಟು ಆದರೂ ಚಿಕ್ಕದೇ. ಅದು ಜನರನ್ನು ಕೇಳಿ ಮಾಡಿದ ಸರ್ವೆ ಬೇರೆ. ಮೊದಲು ಬಂದದ್ದು ಕಾಯಿಲೆಯೋ ಬೇಸರವೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ.

ಆದರೆ ಟೆನ್ಶನ್ ಹಾರ್ಟ್‌ಗೆ ತಟ್ಟುವ ದಾರಿ ಗೊತ್ತಿದೆ. ಆತಂಕದಲ್ಲಿ ಅಡ್ರಿನಾಲಿನ್, ಕಾರ್ಟಿಸಾಲ್ ಅನ್ನುವ ಹಾರ್ಮೋನ್‌ಗಳು ಏರುತ್ತವೆ, ಬಿಪಿ ಏರುತ್ತೆ. ವರ್ಷಗಟ್ಟಲೆ ಹಾಗೇ ಇದ್ದರೆ ರಕ್ತನಾಳಕ್ಕೆ ಪೆಟ್ಟು. ಅದರ ಜೊತೆ ನಿದ್ದೆ ಇಲ್ಲ, ಸಿಗರೇಟ್, ಗುಟ್ಕಾ, ಕೂತಲ್ಲೇ ಕೂರುವುದು. ನನ್ನ ಪ್ರಕಾರ ನಮ್ಮ ಕಡೆ ಹುಡುಗರನ್ನು ಹಾಳು ಮಾಡುತ್ತಿರುವುದು ಈ ಅಭ್ಯಾಸಗಳೇ ಜಾಸ್ತಿ.

ಸರಿ, ಬಿಪಿ, ಶುಗರ್, ಥೈರಾಯ್ಡ್ ಒಮ್ಮೆ ನೋಡಿಸಿ. ಥೈರಾಯ್ಡ್ ಏರಿದರೂ ಎದೆ ಹೀಗೇ ಬಡಿಯುತ್ತೆ. ಆಮೇಲೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಪ್ರಯೋಗ ಮಾಡಿ ನೋಡಿದ್ದೇ ನಮ್ಮ ಬಳ್ಳಾರಿಯಲ್ಲಿ. ಅದೇ ಮಾದರಿ 1996ರಲ್ಲಿ ದೇಶಕ್ಕೆ ಹೋಯಿತು. ಇಷ್ಟಾದರೂ ಇಲ್ಲಿ 'ಹುಚ್ಚರ ಡಾಕ್ಟರ್' ಅಂತ ಮುಖ ತಿರುಗಿಸುವವರಿದ್ದಾರೆ, ಏನು ಹೇಳೋದು! ಹೋಗಲು ಸಂಕೋಚ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಹಗಲು ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಮಾತ್ರ ನೆನಪಿರಲಿ. ಎದೆ ಒತ್ತಿದಂತಾಗಿ ನೋವು ದವಡೆಗೋ ತೋಳಿಗೋ ಹರಿದರೆ, ತಣ್ಣನೆ ಬೆವರು ಬಂದರೆ ಅದನ್ನೂ ಟೆನ್ಶನ್ ಅಂತ ತಳ್ಳಿಹಾಕಬೇಡಿ. ಹಳೇ ರಿಪೋರ್ಟ್ ನಾರ್ಮಲ್ ಇದ್ದರೂ ಕೂಡಲೇ ಹೋಗಿ ಹೊಸ ಇಸಿಜಿ ತೆಗೆಸಿ.